ಅಮಾನತಾದ ಶಸ್ತ್ರಚಿಕಿತ್ಸಕರ ಗಮನಕ್ಕೆ: ಮಾಡಬೇಕಾದ್ದು, ಮಾಡಬಾರದ್ದು

ಸರ್ಕಾರಿ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ರೋಗಿಯ ಕಡೆಯವರಿಂದ ಹಣ ಕೇಳಿದರು, ಪಡೆದರು, ಕೊಡದಿದ್ದಕ್ಕೆ ತಾರೀಖು ಮುಂದೂಡಿದರು ಎಂಬ ದೂರಿನ ಮೇಲೆ ಅಮಾನತಾಗಿ, ಮರಳಿ ಸೇವೆಗೆ ತೆಗೆದುಕೊಳ್ಳಿ ಎಂದು ಓಡಾಡುತ್ತಿರುವ ಶಸ್ತ್ರಚಿಕಿತ್ಸಕರಿಗೆ ಈ ಸೂಚನೆ. ಮೂಳೆ, ಹೆರಿಗೆ, ಕಣ್ಣು, ಕಿವಿ-ಮೂಗು-ಗಂಟಲು, ಯಾವ ವಿಭಾಗದವರಾದರೂ ಸರಿ. ತಪ್ಪು ಮಾಡಿದವರಿಗೂ ಮಾಡದೆ ಸಿಕ್ಕಿಕೊಂಡವರಿಗೂ ನಿಯಮ ಒಂದೇ. ಒಂದು ದೂರಿನ ಮೇಲೆ ಅಮಾನತಾಗಿ, ಅಮಾನತಿನ ಅವಧಿಯಲ್ಲಿ ಇನ್ನೆರಡು ಆರೋಪ ತಾವೇ ಸೇರಿಸಿಕೊಂಡು ಬರುವವರಿದ್ದಾರೆ. ಕಟ್ಟುನಿಟ್ಟಾಗಿ ಹೇಳಬೇಕಾಗಿರುವುದು ಅದಕ್ಕೇ.

ಆದೇಶ ಕೈಗೆ ಬಂದ ದಿನ

ಆದೇಶವನ್ನು ಸಹಿ ಹಾಕಿ ತೆಗೆದುಕೊಳ್ಳಿ. ಮನೆಗೆ ಬೀಗ ಹಾಕಿಕೊಂಡು ತಪ್ಪಿಸಿಕೊಂಡರೆ ಬಾಗಿಲಿಗೆ ಅಂಟಿಸಿ, ಪಂಚನಾಮೆ ಮಾಡಿ ಹೋಗುತ್ತಾರೆ. ಆಮೇಲೆ "ನನಗೆ ತಲುಪಲೇ ಇಲ್ಲ" ಎಂದರೆ ಯಾರೂ ನಂಬುವುದಿಲ್ಲ. ತೆಗೆದುಕೊಂಡ ಮೇಲೆ ಪೂರ್ತಿ ಓದಿ. ಸಹಿ ಯಾರದು, ಅವರಿಗೆ ನಿಮ್ಮನ್ನು ಅಮಾನತು ಮಾಡುವ ಅಧಿಕಾರ ಇದೆಯೇ, ಯಾವ ನಿಯಮದಡಿ, ಕೇಂದ್ರಸ್ಥಾನ ಯಾವುದು, ಜೀವನಾಧಾರ ಭತ್ಯೆಯ ಮಾತು ಇದೆಯೇ. ರಾಜ್ಯ ಸರ್ಕಾರದ ನೌಕರರಿಗೆ ಅಮಾನತು ಬರುವುದು ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳು, 1957ರ ನಿಯಮ 10ರಲ್ಲಿ. ಕಚೇರಿಯ ಬಾಯಲ್ಲಿ ಅದು ಸಿ.ಸಿ.ಎ. ನಿಯಮ. 48 ಗಂಟೆ ಮೀರಿ ಕಸ್ಟಡಿಯಲ್ಲಿದ್ದರೆ ಅಮಾನತಾದಂತೆಯೇ ಲೆಕ್ಕ. ಜಾಮೀನು ಸಿಕ್ಕಿತೆಂದು ಮಾರನೆಯ ದಿನ ನೇರವಾಗಿ ಒ.ಪಿ.ಡಿ.ಗೆ ಹೋಗಿ ಕೂರಬೇಡಿ. ತೆರವು ಆದೇಶ ಬೇರೆಯೇ ಬರಬೇಕು.

ಪ್ರಭಾರ ಬರೆದು ಒಪ್ಪಿಸಿ. ವಾರ್ಡಿನಲ್ಲಿ ನಿಮ್ಮ ಕೈಯಲ್ಲಿ ಆಪರೇಷನ್ ಆಗಿ ಮಲಗಿರುವವರ ಪಟ್ಟಿ ಮಾಡಿ. ಯಾರಿಗೆ ಡ್ರೈನ್ ತೆಗೆಯಬೇಕು, ಯಾರ ಹೊಲಿಗೆ ಯಾವತ್ತು ಬಿಚ್ಚಬೇಕು, ಯಾರ ಬಯಾಪ್ಸಿ ವರದಿ ಬರಬೇಕು ಎಂಬುದನ್ನೆಲ್ಲ ಬರೆದು, ಜಿಲ್ಲಾ ಶಸ್ತ್ರಚಿಕಿತ್ಸಕರಿಗೋ ವೈದ್ಯಕೀಯ ಅಧೀಕ್ಷಕರಿಗೋ ಕೊಟ್ಟು, ನಕಲಿನ ಮೇಲೆ ಟಪಾಲು ಮುದ್ರೆ ಹಾಕಿಸಿಕೊಳ್ಳಿ. ಜಗಳ ನಿಮ್ಮದು ಇಲಾಖೆಯದು. ಹಾಸಿಗೆಯಲ್ಲಿ ಮಲಗಿದವರಿಗೆ ಅದು ಸೋಕಬಾರದು. ನಾಳೆ ವಿಚಾರಣಾಧಿಕಾರಿಯ ಮುಂದೆ ನಿಮ್ಮ ಪರವಾಗಿ ನಿಲ್ಲುವ ಮೊದಲ ಕಾಗದವೂ ಬಹುಶಃ ಇದೇ.

ಮುಟ್ಟಬಾರದ್ದು: ಕೇಸ್ ಶೀಟು, ಒ.ಟಿ. ರಿಜಿಸ್ಟರ್, ಅರಿವಳಿಕೆ ಟಿಪ್ಪಣಿ. ಒಂದು ಸಾಲು ತಿದ್ದುವುದೂ ಬೇಡ, "ಆಗ ಬರೆಯುವುದು ಮರೆತಿದ್ದೆ" ಎಂದು ಈಗ ಸೇರಿಸುವುದೂ ಬೇಡ, ಮೂಲಪ್ರತಿ ಬ್ಯಾಗಿಗೆ ಹಾಕಿಕೊಳ್ಳುವುದಂತೂ ಬೇಡವೇ ಬೇಡ. ಬೇರೆ ಶಾಯಿಯ ಒಂದೇ ಪದ ಇಡೀ ಕಡತದ ಬಣ್ಣ ಬದಲಿಸಿಬಿಡುತ್ತದೆ. ನಿಮ್ಮ ರಕ್ಷಣೆಗೆ ಬೇಕಾದ ದಾಖಲೆಗಳ ನಕಲನ್ನು ಬರಹದಲ್ಲಿ ಕೇಳಿ. ಮೊಬೈಲಿನಲ್ಲಿರುವ ವಾಟ್ಸ್‌ಆ್ಯಪ್ ಸಂದೇಶ, ಕರೆಗಳ ಪಟ್ಟಿ ಅಳಿಸಬೇಡಿ. ಎದುರು ಕಡೆಯವರ ಫೋನಿನಲ್ಲಿ ಅವು ಇದ್ದೇ ಇರುತ್ತವೆ. ನಿಮ್ಮದರಲ್ಲಿ ಮಾತ್ರ ಇಲ್ಲವೆಂದರೆ ಅದಕ್ಕೂ ಉತ್ತರ ಹೇಳಬೇಕಾಗುತ್ತದೆ.

ಹಣದ ಪ್ರಶ್ನೆಗೆ ಹಣದ್ದೇ ಉತ್ತರ

ಮನವಿ ಬರೆಯಲು ಕೂತವರು ಮೊದಲು ಬರೆಯುವುದು ತಾವು ಇಷ್ಟು ಸಾವಿರ ಆಪರೇಷನ್ ಮಾಡಿದ್ದೇವೆ, ಕೋವಿಡ್ ಕಾಲದಲ್ಲಿ ಹೀಗೆ ದುಡಿದೆವು ಎಂದು. ಅದು ನಿಜವೇ ಇರಬಹುದು. ಆದರೆ ಕೇಳಿರುವ ಪ್ರಶ್ನೆ ಅದಲ್ಲ. ಯಾವ ರೋಗಿ, ಯಾವ ದಿನ, ಎಷ್ಟು ಹಣ, ಯಾರ ಕೈಗೆ, ಯಾತಕ್ಕೆ? ಈ ಐದಕ್ಕೆ ಉತ್ತರ ಇಲ್ಲದ ಮನವಿ ಎಷ್ಟು ಪುಟವಿದ್ದರೂ ತೂಕವಿಲ್ಲ.

ಒಂದೊಂದಾಗಿ ಬಿಡಿಸಿ ಹೇಳಿ. ಆಸ್ಪತ್ರೆಯ ಬಳಕೆದಾರರ ಶುಲ್ಕವಾಗಿದ್ದರೆ ಆರೋಗ್ಯ ರಕ್ಷಾ ಸಮಿತಿಯ ಲೆಕ್ಕದಲ್ಲಿ ರಸೀದಿ ಇರಬೇಕು. ಅದರ ನಕಲು ಕೇಳಿ. ಮೂಳೆಗೆ ಹಾಕುವ ಪ್ಲೇಟು, ಸ್ಕ್ರೂ, ಕಣ್ಣಿನ ಲೆನ್ಸು ಹೊರಗಿನಿಂದ ತರಿಸಿದ್ದಾದರೆ ಚೀಟಿ ಬರೆದವರು ಯಾರು, ಆ ದಿನ ಉಗ್ರಾಣದಲ್ಲಿ ಆ ಸಾಮಾನು ಇರಲಿಲ್ಲವೆಂಬುದಕ್ಕೆ ದಾಸ್ತಾನು ಪುಸ್ತಕದ ಪುಟ ಯಾವುದು, ಬಿಲ್ಲು ಯಾರ ಹೆಸರಲ್ಲಿದೆ? ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಆ ಹಣವನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಆಸ್ಪತ್ರೆಗೆ ಕೊಡುತ್ತದೆ. ಪ್ಯಾಕೇಜಿನಡಿ ದಾಖಲಾದ ರೋಗಿಯ ಕೈಯಿಂದ ಅದೇ ಆಪರೇಷನ್ನಿಗೆ ಬೇರೆ ಹಣ ಬಂದಿದ್ದರೆ ಅದಕ್ಕೆ "ಸಂತೋಷಕ್ಕೆ ಕೊಟ್ಟರು" ಎಂಬ ಉತ್ತರ ನಡೆಯುವುದಿಲ್ಲ. ಅರಿವಳಿಕೆ ತಜ್ಞರನ್ನು ಹೊರಗಿನಿಂದ ಕರೆಸಿದ್ದೆವು, ಅವರಿಗೆ ಕೊಡಬೇಕಿತ್ತು ಎನ್ನುವುದೂ ಅಷ್ಟೇ. ಆಸ್ಪತ್ರೆ ಕರೆಸಿದ್ದರೆ ಆಸ್ಪತ್ರೆಯೇ ಕೊಡಬೇಕು, ಅದಕ್ಕೊಂದು ಆದೇಶ ಇರಬೇಕು. ಇಲ್ಲದಿದ್ದರೆ ಇಲ್ಲ ಎಂದು ಒಪ್ಪಿಕೊಳ್ಳಿ. ತಜ್ಞರಿಲ್ಲದ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಸೇರಿಯನ್ ಮಾಡಬೇಕಾದವರ ಕಷ್ಟ ಎಲ್ಲರಿಗೂ ಗೊತ್ತಿರುವುದೇ. ಆ ಕಷ್ಟವನ್ನು ಮೇಲಧಿಕಾರಿಗೆ ಬರೆದು ತಿಳಿಸಿದ ಹಳೆಯ ಪತ್ರವಿದ್ದರೆ ಅದನ್ನು ಮನವಿಗೆ ಲಗತ್ತಿಸಿ. ಬಾಯಿಮಾತಿನಲ್ಲಿ ಹೇಳಿದ್ದರೆ ಅದು ಕಡತಕ್ಕೆ ಏರುವುದಿಲ್ಲ.

ಹಣ ನಿಮ್ಮ ಕೈಗೆ ಬರದೆ ಡ್ರೈವರ್ ಖಾತೆಗೋ, ವಾರ್ಡಿನ ನೌಕರನ ಫೋನ್‌ಪೇಗೋ, ಎದುರಿನ ಮೆಡಿಕಲ್ ಸ್ಟೋರಿಗೋ ಹೋಗಿದ್ದರೆ "ನನಗೆ ಸಂಬಂಧವಿಲ್ಲ" ಎಂಬ ಒಂದು ಸಾಲು ಸಾಲದು. ಆತ ನಿಮ್ಮ ಹೆಸರು ಹೇಳಿ ಕೇಳಿದನೇ, ನಿಮಗೆ ಗೊತ್ತಿತ್ತೇ, ಗೊತ್ತಾದ ಮೇಲೆ ಏನು ಮಾಡಿದಿರಿ ಎಂಬುದಕ್ಕೆ ಉತ್ತರ ಬರೆಯಿರಿ. ಬಡ ಡಿ ಗ್ರೂಪ್ ನೌಕರನ ತಲೆಗೆ ಕಟ್ಟಿ ತಾನು ಪಾರಾಗುವ ಹಳೇ ಚಾಳಿ ಬೇಡ. ಕಟಕಟೆಗೆ ಬಂದಾಗ ಆತ ಬಾಯಿ ಬಿಡುತ್ತಾನೆ.

ತೆಗೆದುಕೊಂಡಿದ್ದು ನಿಜವೇ ಆಗಿದ್ದರೆ? ಮೊದಲು ವಕೀಲರ ಬಳಿ ನಿಜ ಹೇಳಿ. ಅವರಿಗೂ ಸುಳ್ಳು ಹೇಳಿ ಕೇಸು ನಡೆಸುವುದು ಅರಿವಳಿಕೆ ಕೊಡುವವರಿಂದ ಅಲರ್ಜಿ ಮುಚ್ಚಿಟ್ಟು ಟೇಬಲ್ ಏರಿದಂತೆ. ಕ್ರಿಮಿನಲ್ ಕೇಸು ಇರುವಾಗ ಏನನ್ನು, ಎಲ್ಲಿ, ಎಷ್ಟು ಒಪ್ಪಿಕೊಳ್ಳಬೇಕು ಎಂಬುದು ಅವರು ಹೇಳಬೇಕಾದ ಮಾತು. ರಾತ್ರೋರಾತ್ರಿ ಮಧ್ಯಸ್ಥರ ಮೂಲಕ ಹಣ ವಾಪಸ್ ಕಳಿಸುವುದು ಮಾತ್ರ ಕೂಡದು. ಅದು ಹಿಂದಿರುಗಿಸಿದ್ದೆಂದು ಅಲ್ಲ, ಸಾಕ್ಷಿಯನ್ನು ಕೊಳ್ಳಲು ಹೊರಟಿದ್ದೆಂದು ಕಾಣುತ್ತದೆ.

ದೂರುದಾರರ ಮನೆಗೆ ಹೋಗಕೂಡದು

ನೀವೂ ಹೋಗಬೇಡಿ, ನಿಮ್ಮ ಮನೆಯವರನ್ನೂ ಕಳಿಸಬೇಡಿ, ಊರಿನ ಹಿರಿಯರನ್ನೂ ಮುಂದೆ ಮಾಡಬೇಡಿ. "ಒಂದು ರಾಜಿ ಪತ್ರ ಬರೆಸಿಕೊಂಡರೆ ಮುಗಿಯಿತು ಸಾರ್" ಎನ್ನುವವರು ಪ್ರತಿ ಆಸ್ಪತ್ರೆಯ ಕ್ಯಾಂಟೀನಿನಲ್ಲೂ ಸಿಗುತ್ತಾರೆ. ಭ್ರಷ್ಟಾಚಾರ ತಡೆ ಕಾಯ್ದೆ, 1988ರ ಅಪರಾಧಕ್ಕೆ ರಾಜಿ ಇಲ್ಲ. ದೂರುದಾರರು ಪ್ರತಿಕೂಲ ಸಾಕ್ಷಿಯಾದರೂ, ತೀರಿಕೊಂಡಿದ್ದರೂ ಉಳಿದ ಸಾಕ್ಷ್ಯಗಳಿಂದ ಲಂಚದ ಬೇಡಿಕೆ ಮತ್ತು ಸ್ವೀಕಾರವನ್ನು ಸಾಬೀತುಪಡಿಸಬಹುದೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ನೀರಜ್ ದತ್ತಾ ಪ್ರಕರಣದಲ್ಲಿ 2022ರ ಡಿಸೆಂಬರಿನಲ್ಲಿ ಹೇಳಿದೆ. ಅಲ್ಲಿಗೆ ರಾಜಿ ಪತ್ರದ ಬೆಲೆ ಎಷ್ಟೆಂದು ಲೆಕ್ಕ ಹಾಕಿಕೊಳ್ಳಿ. 2018ರ ತಿದ್ದುಪಡಿಯ ನಂತರ ಲಂಚ ಕೊಟ್ಟವರೂ ಅಪರಾಧಿಗಳೇ. ಬಲವಂತಕ್ಕೆ ಕೊಟ್ಟು 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದವರಿಗೆ ವಿನಾಯಿತಿ ಉಂಟು. ಹೀಗಾಗಿ ಒಮ್ಮೆ ದೂರು ಕೊಟ್ಟವರು ಹಿಂದೆ ಸರಿದರೆ ಅವರಿಗೇ ಅಪಾಯ. ಅವರನ್ನು ಆ ಇಕ್ಕಟ್ಟಿಗೆ ದೂಡಬೇಡಿ.

ಲೋಕಾಯುಕ್ತ ಪೊಲೀಸರ ಬಲೆಗೆ ಬಿದ್ದವರಿಗೆ ಒಂದು ಮಾತು. ನೋಟಿಗೆ ಹಚ್ಚಿದ ಫಿನಾಫ್ತಲೀನ್ ಪುಡಿ ಕಣ್ಣಿಗೆ ಕಾಣುವುದಿಲ್ಲ. ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ ಕೈ ಅದ್ದಿಸಿದಾಗ ನೀರು ಗುಲಾಬಿಯಾಗುತ್ತದೆ. ಆ ನೀರನ್ನು ಬಾಟಲಿಗೆ ತುಂಬಿ, ಸೀಲು ಮಾಡಿ, ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಆ ಹೊತ್ತಿನಲ್ಲಿ ಕೈ ಕೊಸರುವುದು, ಕೂಗಾಡುವುದು, ಪಂಚರನ್ನು ಬೈಯುವುದು ಎಲ್ಲವೂ ಪಂಚನಾಮೆಗೆ ಸೇರುತ್ತದೆ. ಬಣ್ಣ ಬಂದಿತೆಂದರೆ ನೋಟು ಕೈಗೆ ತಾಗಿದೆ ಎಂದಷ್ಟೇ ಆಯಿತು. ಕೇಳಿ ಪಡೆದದ್ದೇ ಎಂಬುದನ್ನು ಅವರು ಬೇರೆ ಸಾಬೀತುಪಡಿಸಬೇಕು. ನಿಮ್ಮ ವಿವರಣೆಯನ್ನು ಅಲ್ಲೇ, ಆಗಲೇ, ಬರಹದಲ್ಲಿ ಕೊಡಿ. ತಿಂಗಳು ಕಳೆದು ಹೊಳೆದ ವಿವರಣೆಗೆ ಬೆಲೆ ಕಡಿಮೆ.

ಅಮಾನತಿನಲ್ಲಿದ್ದಾಗ ನರ್ಸಿಂಗ್ ಹೋಮಿಗೆ ಕಾಲಿಡಬೇಡಿ

ಹೆಚ್ಚಿನವರು ಜಾರುವುದು ಇಲ್ಲಿ. ಅಮಾನತಿನ ಅವಧಿಗೆ ಜೀವನಾಧಾರ ಭತ್ಯೆ ಉಂಟು, ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ (ಕೆ.ಸಿ.ಎಸ್.ಆರ್.) ನಿಯಮ 98ರ ಪ್ರಕಾರ. ಮೊದಲಿಗೆ ಅರ್ಧವೇತನ ರಜೆಯ ಸಂಬಳದಷ್ಟು, ಜೊತೆಗೆ ತುಟ್ಟಿಭತ್ಯೆ. ವಿಚಾರಣೆ ಎಳೆದದ್ದು ಇಲಾಖೆಯ ತಪ್ಪಿನಿಂದಾದರೆ ಮುಂದೆ ಏರಿಸಬಹುದು. ನೀವೇ ಎಳೆದಿದ್ದರೆ ಇಳಿಸಲೂಬಹುದು. ಅದನ್ನು ಪಡೆಯಲು "ನಾನು ಬೇರಾವ ಉದ್ಯೋಗ, ವ್ಯಾಪಾರ, ವೃತ್ತಿಯಲ್ಲೂ ತೊಡಗಿಲ್ಲ" ಎಂದು ಪ್ರಮಾಣಪತ್ರ ಕೊಡಬೇಕು. ಬೆಳಿಗ್ಗೆ ಆ ಕಾಗದಕ್ಕೆ ಸಹಿ ಹಾಕಿ ಸಂಜೆ ಸ್ನೇಹಿತರ ನರ್ಸಿಂಗ್ ಹೋಮಿನಲ್ಲಿ ಹರ್ನಿಯಾ ಮಾಡಿದರೆ, ಮೊದಲ ಆರೋಪ ಸುಳ್ಳೆಂದು ಸಾಬೀತಾದರೂ ಎರಡನೆಯದು ನಿಲ್ಲುತ್ತದೆ. ಆಪರೇಷನ್ ಟಿಪ್ಪಣಿಯಲ್ಲಿ ಬೇರೆಯವರ ಹೆಸರು ಬರೆಸುವುದು ಇನ್ನೂ ಹೀನ. ರೋಗಿಗೆ ಏನಾದರೂ ಆದರೆ ಹೊಣೆ ಯಾರದು? ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಇನ್ನೂ ಇದೆಯಲ್ಲ ಎಂದು ವಾದಿಸುವವರಿದ್ದಾರೆ. ಇದೆ, ಇಲಾಖೆಯ ಅಮಾನತಿನಿಂದ ನೋಂದಣಿ ಹೋಗುವುದಿಲ್ಲ. ಆದರೆ ನೋಂದಣಿ ಇದ್ದ ಮಾತ್ರಕ್ಕೆ ನೀವು ಸಹಿ ಹಾಕಿದ ಪ್ರಮಾಣಪತ್ರ ನಿಜವಾಗುವುದೂ ಇಲ್ಲ.

ರಸ್ತೆಯಲ್ಲಿ ಅಪಘಾತವಾಗಿ ಬಿದ್ದವರಿಗೆ ರಕ್ತ ನಿಲ್ಲಿಸುವುದು ಯಾವ ವೈದ್ಯರಿಗೂ ಯಾವ ಹೊತ್ತಿನಲ್ಲೂ ತಪ್ಪಲ್ಲ. ಇಲ್ಲಿ ಬೇಡವೆಂದದ್ದು ಅದನ್ನಲ್ಲ.

ಭತ್ಯೆ ಬರದಿದ್ದರೆ ಸುಮ್ಮನಿರಬೇಡಿ. ಇದಕ್ಕೆ ನಮ್ಮ ರಾಜ್ಯದ್ದೇ ದೊಡ್ಡ ಮೇಲ್ಪಂಕ್ತಿ ಇದೆ. ಕೆ.ಜಿ.ಎಫ್.ನ ಭಾರತ್ ಗೋಲ್ಡ್ ಮೈನ್ಸ್‌ನಲ್ಲಿ ಭದ್ರತಾ ಅಧಿಕಾರಿಯಾಗಿದ್ದ ಕ್ಯಾಪ್ಟನ್ ಎಂ. ಪಾಲ್ ಆಂಥೊನಿ ಅವರ ಮನೆಯಲ್ಲಿ 1985ರ ಜೂನಿನಲ್ಲಿ ಶೋಧ ನಡೆದು, 4.5 ಗ್ರಾಂ ತೂಕದ ಚಿನ್ನದ ಉಂಡೆಯೂ ಚಿನ್ನದ ಅಂಶವಿದ್ದ ಮರಳೂ ಸಿಕ್ಕಿತೆಂದು ಅವರನ್ನು ಅಮಾನತು ಮಾಡಿದರು. ಜೀವನಾಧಾರ ಭತ್ಯೆ ಕೊಡಲಿಲ್ಲ. ಕೇರಳದ ತಮ್ಮ ಊರಿನಿಂದ ವಿಚಾರಣೆಗೆ ಬರಲು ಅವರ ಕೈಯಲ್ಲಿ ಕಾಸಿರಲಿಲ್ಲ. ಅವರಿಲ್ಲದೆಯೇ ವಿಚಾರಣೆ ಮುಗಿಸಿ 1986ರಲ್ಲಿ ವಜಾ ಮಾಡಿದರು. ಮರುವರ್ಷ ಅದೇ ಶೋಧದ ಕ್ರಿಮಿನಲ್ ಕೇಸಿನಲ್ಲಿ ಅವರು ಬಿಡುಗಡೆಯಾದರು. 1999ರಲ್ಲಿ ಸುಪ್ರೀಂ ಕೋರ್ಟ್ ವಜಾ ಆದೇಶ ರದ್ದುಮಾಡಿ, ಬಾಕಿ ಸಂಬಳದೊಡನೆ ಮರಳಿ ಸೇವೆಗೆ ತೆಗೆದುಕೊಳ್ಳುವಂತೆ ಹೇಳಿತು. ಭತ್ಯೆ ಕೊಡದೆ ವಿಚಾರಣೆಗೆ ಬಾ ಎನ್ನುವುದು ನ್ಯಾಯವಲ್ಲ ಎಂಬ ಮಾತು ಅಂದಿನಿಂದ ಗಟ್ಟಿಯಾಗಿ ನಿಂತಿದೆ. ಆದರೆ ಹದಿನಾಲ್ಕು ವರ್ಷ! ನಿಮಗೆ ಅಷ್ಟು ಕಾಲ ಬೇಡವಾದರೆ ಪ್ರತಿ ತಿಂಗಳೂ ಪ್ರಮಾಣಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಭತ್ಯೆ ಬಾರದ ತಿಂಗಳು ಪತ್ರ ಬರೆಯಿರಿ. ವಿಚಾರಣೆಯ ನೋಟಿಸು ಬಂದಾಗ ಆ ಪತ್ರಗಳ ನಕಲನ್ನು ಉತ್ತರಕ್ಕೆ ಲಗತ್ತಿಸಿ.

ಮನವಿ, ಮೇಲ್ಮನವಿ, ನ್ಯಾಯಮಂಡಳಿ

ಅಮಾನತು ಶಿಕ್ಷೆಯಲ್ಲ. ವಿಚಾರಣೆ ನಡೆಯುವಾಗ ಸಾಕ್ಷಿಗಳಿಂದ, ದಾಖಲೆಗಳಿಂದ ನಿಮ್ಮನ್ನು ದೂರ ಇಡುವ ಏರ್ಪಾಡು. ಅದಕ್ಕೇ ತೆರವು ಕೇಳುವ ಮನವಿಯಲ್ಲಿ "ನಾನು ನಿರಪರಾಧಿ" ಎನ್ನುವುದಕ್ಕಿಂತ ಹೆಚ್ಚು ಕೆಲಸ ಮಾಡುವ ಮಾತುಗಳಿವೆ: ದಾಖಲೆಗಳೆಲ್ಲ ಈಗಾಗಲೇ ಜಪ್ತಾಗಿವೆ, ಸಾಕ್ಷಿಗಳ ಹೇಳಿಕೆ ಮುಗಿದಿದೆ, ಬೇರೆ ಜಿಲ್ಲೆಗೆ ಹಾಕಿದರೂ ಹೋಗುತ್ತೇನೆ. ಈ ಮೂರನ್ನೂ ದಾಖಲೆ ಸಮೇತ ಒಂದೂವರೆ ಪುಟದಲ್ಲಿ ಹೇಳಬಹುದು. ಇದ್ದ ಆಸ್ಪತ್ರೆಗೇ, ಇದ್ದ ಕುರ್ಚಿಗೇ ಮರಳಬೇಕೆಂಬ ಹಟ ಬೇಡ. ಸಾಕ್ಷಿಗಳೆಲ್ಲ ಅಲ್ಲೇ ಇರುವಾಗ ಅದನ್ನು ಯಾರೂ ಕೊಡುವುದಿಲ್ಲ. ಕೊಟ್ಟರೆ ಕೊಟ್ಟವರನ್ನೇ ಪ್ರಶ್ನಿಸಬೇಕಾಗುತ್ತದೆ.

ದಿನ ಎಣಿಸಿ. ಮೂರು ತಿಂಗಳೊಳಗೆ ದೋಷಾರೋಪಣಾ ಪಟ್ಟಿ ಕೊಡದಿದ್ದರೆ ಅಮಾನತು ಮುಂದುವರಿಯಬಾರದು, ಕೊಟ್ಟಿದ್ದರೆ ಮುಂದುವರಿಕೆಗೆ ಕಾರಣ ಬರೆದ ಆದೇಶ ಬೇಕು ಎಂದು ಅಜಯ್ ಕುಮಾರ್ ಚೌಧರಿ ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗೆಂದು ತೊಂಬತ್ತೊಂದನೆಯ ದಿನ ತಾವೇ ತಾವಾಗಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಹೋಗುವಂತಿಲ್ಲ. ಆ ತೀರ್ಪನ್ನು ಉಲ್ಲೇಖಿಸಿ, ದಿನಾಂಕಗಳ ಪಟ್ಟಿ ಕೊಟ್ಟು, ಅಮಾನತು ಮಾಡಿದ ಪ್ರಾಧಿಕಾರಕ್ಕೇ ಬರೆಯಿರಿ.

ಅಲ್ಲಿ ಕೇಳದಿದ್ದರೆ ಸಿ.ಸಿ.ಎ. ನಿಯಮಗಳಲ್ಲಿರುವ ಮೇಲ್ಮನವಿ. ಆಮೇಲೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ. ಪೀಠಗಳು ಬೆಂಗಳೂರು, ಬೆಳಗಾವಿ, ಕಲಬುರಗಿಯಲ್ಲಿವೆ. ಇಲಾಖೆಯೊಳಗಿನ ದಾರಿಗಳನ್ನು ಮುಗಿಸದೆ ಸಾಮಾನ್ಯವಾಗಿ ಅಲ್ಲಿ ಅರ್ಜಿ ನಿಲ್ಲುವುದಿಲ್ಲ. ಮೇಲ್ಮನವಿಗೆ ಆರು ತಿಂಗಳು ಉತ್ತರವಿಲ್ಲದಿದ್ದರೆ ಬಾಗಿಲು ತೆರೆಯುತ್ತದೆ. ಅಲ್ಲಿಂದ ಒಂದು ವರ್ಷದೊಳಗೆ ಹೋಗಬೇಕು. ನೇರವಾಗಿ ಹೈಕೋರ್ಟಿಗೆ ಹೋಗಿ ತಿಂಗಳುಗಟ್ಟಲೆ ಕಳೆದು "ಮೊದಲು ನ್ಯಾಯಮಂಡಳಿಗೆ ಹೋಗಿ" ಎನ್ನಿಸಿಕೊಂಡು ಬರಬೇಡಿ.

ವಿಚಾರಣೆಗೆ ಕರೆದ ಪ್ರತಿ ದಿನವೂ ಹೋಗಿ. ಬೆನ್ನುನೋವಿನ ಸರ್ಟಿಫಿಕೇಟು ವೈದ್ಯರಿಗೆ ಎಷ್ಟು ಸುಲಭವಾಗಿ ಸಿಗುತ್ತದೆಂದು ವಿಚಾರಣಾಧಿಕಾರಿಗೂ ಗೊತ್ತು. ಸಹಾಯಕ್ಕೆ ನಿಯಮ ಬಲ್ಲ ಇನ್ನೊಬ್ಬ ಸರ್ಕಾರಿ ನೌಕರರನ್ನು ಕರೆದೊಯ್ಯಬಹುದು. ಬುದ್ಧಿವಂತರನ್ನೇ ಆರಿಸಿಕೊಳ್ಳಿ, ಬರೀ ಸ್ನೇಹಿತರನ್ನಲ್ಲ. ಕೋರ್ಟಿನಲ್ಲಿ ಸಂಶಯಾತೀತವಾಗಿ ಸಾಬೀತಾಗಬೇಕಾದ ಆರೋಪಕ್ಕೆ ಇಲಾಖಾ ವಿಚಾರಣೆಯಲ್ಲಿ ಹೌದೆನ್ನಿಸುವಷ್ಟು ಸಾಕ್ಷ್ಯವಿದ್ದರೆ ಸಾಕು. ಕೋರ್ಟಿನಲ್ಲಿ ಬಿಡುಗಡೆಯಾಯಿತೆಂದು ಇಲಾಖೆಯ ಕಡತ ತಾನಾಗಿ ಮುಚ್ಚುವುದಿಲ್ಲ. ಇನ್ನೇನು ನಿವೃತ್ತಿ ಬಂತು ಎಂದು ಕಾಯುವವರಿಗೂ ನೆಮ್ಮದಿಯಿಲ್ಲ: ಕೆ.ಸಿ.ಎಸ್.ಆರ್. ನಿಯಮ 214 ಪಿಂಚಣಿಯವರೆಗೂ ಹಿಂಬಾಲಿಸುತ್ತದೆ.

ಇನ್ನು ಶಾಸಕರ ಲೆಟರ್‌ಹೆಡ್. ಬೇಡ. 2021ರ ನಡತೆ ನಿಯಮಗಳ ಪ್ರಕಾರ ಸೇವಾ ವಿಷಯಕ್ಕೆ ಹೊರಗಿನ ಪ್ರಭಾವ ತರುವುದೇ ದುರ್ನಡತೆ. ಜಾತಿ ಸಂಘದ ನಿಯೋಗ, ಮಠದಿಂದ ಫೋನು, ಪತ್ರಿಕಾಗೋಷ್ಠಿ, ಟಿ.ವಿ. ಸ್ಟುಡಿಯೋದಲ್ಲಿ ಕಣ್ಣೀರು, ಇವೂ ಬೇಡ. ಪೂರ್ವಾನುಮತಿ ಇಲ್ಲದೆ ಕೇಂದ್ರಸ್ಥಾನ ಬಿಡಬೇಡಿ. ಮಗಳ ಮದುವೆಗಾದರೂ ಒಂದು ಅರ್ಜಿ ಬರೆದು ಹೋಗಿ.

ಸಹೋದ್ಯೋಗಿಗಳಿಗೆ

ಅಮಾನತು ವಿರೋಧಿಸಿ ಒ.ಪಿ.ಡಿ. ಮುಚ್ಚಬೇಡಿ. ಸರ್ಕಾರಿ ನೌಕರರಿಗೆ ಮುಷ್ಕರದ ಮೂಲಭೂತ ಹಕ್ಕಿಲ್ಲವೆಂದು 2003ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕಾನೂನು ಹಾಗಿರಲಿ, ಹಣ ಕೇಳಿದರೆಂಬ ಕೂಗಿಗೆ ಉತ್ತರವಾಗಿ ರೋಗಿಗಳನ್ನು ಹೊರಗೆ ನಿಲ್ಲಿಸಿದರೆ ದೂರುದಾರರ ಮಾತಿಗೇ ಬಲ ಬರುತ್ತದೆ. ಹೇಳುವುದಿದ್ದರೆ ಸಂಘದ ಹೆಸರಿನಲ್ಲಿ ಮನವಿ ಕೊಡಿ. ಕಂಡದ್ದಿದ್ದರೆ ಸಾಕ್ಷಿ ಹೇಳಿ. ಕಾಣದ್ದನ್ನು ಸ್ನೇಹಕ್ಕಾಗಿ ಕಂಡೆನೆನ್ನಬೇಡಿ.

ಖಾಸಗಿ ಆಸ್ಪತ್ರೆಯವರಿಗೆ

ಶುಲ್ಕದ ಪಾಲು ಕೊಡಲಿಲ್ಲವೆಂದು ಜಗಳವಾಗಿ ಆಡಳಿತ ಮಂಡಳಿ ನಿಮ್ಮನ್ನು ಹೊರಗಿಟ್ಟಿದ್ದರೆ ಮೇಲಿನ ದಾರಿಗಳು ನಿಮ್ಮವಲ್ಲ. ನಿಮಗೆ ಬರುತ್ತಿದ್ದದ್ದು ಫಾರಂ 16ನೋ, 16ಎನೋ ನೋಡಿಕೊಳ್ಳಿ. ಮೊದಲನೆಯದು ಸಂಬಳಗಾರರಿಗೆ, ಎರಡನೆಯದು ವೃತ್ತಿ ಶುಲ್ಕ ಪಡೆಯುವ ಕನ್ಸಲ್ಟೆಂಟರಿಗೆ. ಕನ್ಸಲ್ಟೆಂಟರಿಗೆ "ಮರಳಿ ಸೇರಿಸಿ" ಎಂಬ ಆದೇಶ ಕೋರ್ಟಿನಿಂದ ಸಿಗುವುದು ಬಹಳ ಕಷ್ಟ. ವೈಯಕ್ತಿಕ ಸೇವೆಯ ಕರಾರನ್ನು ಬಲವಂತವಾಗಿ ಜಾರಿ ಮಾಡಿಸಲಾಗದು ಎಂಬುದು ನಿರ್ದಿಷ್ಟ ಪರಿಹಾರ ಕಾಯ್ದೆಯ ಮೂಲ ನಿಯಮ. ಬಾಕಿ ಹಣ, ನಷ್ಟಪರಿಹಾರ ಕೇಳಬಹುದು. ಕರಾರಿನಲ್ಲಿ ಮಧ್ಯಸ್ಥಿಕೆಯ ಷರತ್ತಿದ್ದರೆ ಮೊದಲು ಅಲ್ಲಿಗೆ. ಬಾಕಿ ವಸೂಲಿಗೆಂದು ರೋಗಿಗಳ ಫೈಲುಗಳನ್ನು ಒತ್ತೆ ಇಟ್ಟುಕೊಳ್ಳಬಾರದು. ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆಯ ನಕಲು ಕೊಡಬೇಕೆಂದು 2002ರ ವೈದ್ಯ ನೀತಿ ನಿಯಮಾವಳಿ ಹೇಳುತ್ತದೆ.

ತೆರವು ಆದೇಶ ಬಂದ ಮೇಲೆ

ಹಾರ, ಪಟಾಕಿ, "ಸತ್ಯಕ್ಕೆ ಜಯ" ಎಂಬ ಫ್ಲೆಕ್ಸು ಯಾವುದೂ ಕೂಡದು. ಅಮಾನತು ತೆರವಾದರೆ ಆರೋಪ ಬಿದ್ದುಹೋಯಿತೆಂದಲ್ಲ. ಆದೇಶದಲ್ಲಿ ಸಾಮಾನ್ಯವಾಗಿ "ವಿಚಾರಣೆಯನ್ನು ಬಾಕಿ ಇರಿಸಿ" ಎಂಬ ಮಾತು ಇದ್ದೇ ಇರುತ್ತದೆ, ಹುಡುಕಿ ಓದಿ. ಹಾಕಿದ ಊರಿಗೆ, ಹೇಳಿದ ದಿನದೊಳಗೆ ಹಾಜರಾಗಿ, ಹಾಜರಾತಿ ವರದಿ ಕೊಟ್ಟು ನಕಲು ಇಟ್ಟುಕೊಳ್ಳಿ. ಅಮಾನತಿನ ಅವಧಿಯನ್ನು ಕರ್ತವ್ಯವೆಂದು ಎಣಿಸುವರೋ ಇಲ್ಲವೋ, ಬಾಕಿ ಸಂಬಳ ಎಷ್ಟು ಎಂಬುದು ವಿಚಾರಣೆ ಮುಗಿದ ಮೇಲಿನ ಮಾತು. ಅದಕ್ಕಾಗಿ ಈಗಲೇ ಬಿಲ್ಲು ಗುಮಾಸ್ತರ ಬೆನ್ನು ಹತ್ತಬೇಡಿ. ಹೊಸ ಆಸ್ಪತ್ರೆಯಲ್ಲಿ ರೋಗಿಗೆ ಹೊರಗಿನ ಚೀಟಿ ಬರೆಯಲೇಬೇಕಾದರೆ ಕಾರಣವನ್ನು ಕೇಸ್ ಶೀಟಿನಲ್ಲಿ ಬರೆಯಿರಿ. ಹಣದ ಮಾತು ನಿಮ್ಮ ಕೊಠಡಿಯಲ್ಲಿ ಬೇಡ. ಅದಕ್ಕೆ ಕೌಂಟರ್ ಇದೆ, ರಸೀದಿ ಪುಸ್ತಕ ಇದೆ. ವಿಚಾರಣೆಯ ಮುಂದಿನ ತಾರೀಖು ಹಾಗೇ ಇದೆ. ಅಂದು ಆಪರೇಷನ್ ಪಟ್ಟಿ ಹಾಕಿಕೊಳ್ಳದೆ, ಅನುಮತಿ ಪಡೆದು ಹೋಗಿ ಹಾಜರಾಗಿ.